ಗಣಕಜಾಲಗಳ ಆಕೃತಿವಿಚಾರ

ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಕಂಪನಿಯವರು ನಡೆಸುತ್ತಿದ್ದ ಸಂಶೋಧನಾಲಯಕ್ಕೆ 1973ರಲ್ಲಿ ಒದಗಿದ ತೊಡಕು ಮೇಲುನೋಟಕ್ಕೆ ತೀರ ಸಾಮಾನ್ಯವಾದುದು. ಅಲ್ಲಿಯ ವಿಜ್ಞಾನಿಗಳು ಆಲ್ಟೋ ಎಂಬ ಪುಟ್ಟ ಗಣಕಯಂತ್ರವನ್ನು ನಿರ್ಮಿಸಿ ಸಂಶೋಧಕರ ಮೇಜಿಗೆ ಒಂದೊಂದರಂತೆ ಒದಗಿಸುವ ಸಂಕಲ್ಪ ಮಾಡಿದ್ದರು. ಅದೇ ಕಾಲಕ್ಕೆ ಸೆಕೆಂಡಿಗೊಂದು ಪುಟವನ್ನು ಅಚ್ಚೊತ್ತಬಲ್ಲ ಲೇಸರ್ ಮುದ್ರಣಯಂತ್ರವೂ ಅದೇ ಸೂರಿನಡಿಯಲ್ಲಿ ಸಿದ್ಧವಾಗುತ್ತಿತ್ತು. ಮೇಜಿಗೊಂದು ಗಣಕವನ್ನು ಕೊಡುವ ಔದಾರ್ಯವಿದ್ದವರಿಗೂ ಮೇಜಿಗೊಂದು ಅಂಥ ಮುದ್ರಣಯಂತ್ರವನ್ನು ಕೊಡುವುದು ಎಟುಕದ ಮಾತು. ಹಲವರಿಗೆ ಒಂದನ್ನು ಹಂಚುವ ಬಗೆ ಹೇಗೆಂಬ ಈ ಪ್ರಶ್ನೆಯನ್ನು ವಹಿಸಿಕೊಂಡ ರಾಬರ್ಟ್ ಮೆಟ್‌ಕಾಫ್ ಎಂಬ ತರುಣರು ಆ ವರ್ಷದ ಮೇ 22ರಂದು ತಮ್ಮ ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿಯನ್ನು ಬರೆದರು; ಇಂದು ಕಚೇರಿಗಳ ಗೋಡೆಯೊಳಗೂ ಛಾವಣಿಯ ಮೇಲೂ ಹರಿದಿರುವ ಈಥರ್ನೆಟ್ ಎಂಬ ಜೋಡಣೆಯ ಮೊದಲ ಲಿಖಿತ ರೂಪ ಅದೇ.

ಟಿಪ್ಪಣಿಯ ಬೀಜವಿದ್ದದ್ದು ಹವಾಯಿ ದ್ವೀಪಗಳಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯದ ದೊಡ್ಡ ಗಣಕವನ್ನು ಸುತ್ತಣ ದ್ವೀಪಗಳವರೂ ಬಳಸಬೇಕಾಗಿ ಬಂದು, ನಡುವೆ ಕಡಲಿದ್ದುದರಿಂದ, ನಾರ್ಮನ್ ಅಬ್ರಾಂಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ರೇಡಿಯೋ ತರಂಗಗಳ ಮೂಲಕ ಆ ಸಂಪರ್ಕವನ್ನು ಸಾಧಿಸಿದರು. ಯಾವ ದ್ವೀಪವಾದರೂ ಯಾವಾಗ ಬೇಕಾದರೂ ತನ್ನ ಸಂದೇಶವನ್ನು ಬಿತ್ತರಿಸಲಿ, ಎರಡು ಸಂದೇಶಗಳು ಒಂದರ ಮೇಲೊಂದು ಬಿದ್ದು ಕೆಟ್ಟರೆ ಸ್ವಲ್ಪ ತಡೆದು ಮತ್ತೆ ಕಳಿಸಲಿ ಎಂಬಷ್ಟೇ ಅಲ್ಲಿಯ ಕಟ್ಟಳೆ. ಇಂಥ ಸ್ವಚ್ಛಂದ ಪದ್ಧತಿಯಲ್ಲಿ ವಾಹಿನಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡ 18ರಷ್ಟು ಮಾತ್ರ ಕೆಲಸಕ್ಕೆ ಬರುವುದೆಂದು ಗಣಿತ ಹೇಳುತ್ತದೆ. ಉಳಿದದ್ದು ಘರ್ಷಣೆಗೂ ಮೌನಕ್ಕೂ ಸಲ್ಲುವ ಪಾಲು. ಮೆಟ್‌ಕಾಫರು ಆಕಾಶದ ಸ್ಥಾನದಲ್ಲಿ ಒಂದು ಕೇಬಲ್ಲನ್ನಿಟ್ಟು, ಮಾತಾಡುವ ಮುನ್ನ ಕಿವಿಗೊಡಬೇಕು, ಮಾತಾಡುತ್ತಿರುವಾಗಲೂ ಕಿವಿಗೊಟ್ಟೇ ಇರಬೇಕು ಎಂಬ ಎರಡು ವಿಧಿಗಳನ್ನು ಸೇರಿಸಿದರು; ಡೇವಿಡ್ ಬಾಗ್ಸ್ ಎಂಬವರು ಅದನ್ನು ಯಂತ್ರರೂಪಕ್ಕೆ ತರುವಲ್ಲಿ ಅವರ ಜೊತೆಗಾರರಾದರು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಜೋಡಣೆ ಒಂದು ನಿಶ್ಚಿತ ಮಾನಕವಾಗಿ ಹೊರಬಂದಾಗ, ಅದರ ಕೇಬಲ್ಲು ನೋಡಲು ತಕ್ಕ ವಸ್ತುವೇ ಆಗಿತ್ತು. ಹೆಬ್ಬೆರಳ ದಪ್ಪದ, ಬಾಗಿಸಲು ತೋಳ್ಬಲ ಬೇಕಾಗುವ, ಸಾಮಾನ್ಯವಾಗಿ ಹಳದಿ ಬಣ್ಣದ ಆ ಕೇಬಲ್ಲಿನ ಮೇಲೆ ಎರಡೂವರೆ ಮೀಟರಿಗೊಂದರಂತೆ ಕಪ್ಪು ಗುರುತು. ಗುರುತಿದ್ದಲ್ಲಿ ಮಾತ್ರ ಗಣಕವನ್ನು ಜೋಡಿಸಬೇಕು. ಜೋಡಿಸುವ ರೀತಿಯೂ ವಿಲಕ್ಷಣವೇ: ಕೇಬಲ್ಲನ್ನು ಕತ್ತರಿಸದೆ, ಹೊರಕವಚದಲ್ಲಿ ರಂಧ್ರ ಕೊರೆದು, ಒಂದು ಸೂಜಿಯನ್ನು ನಡುವಿನ ತಾಮ್ರದ ಎಳೆಗೆ ತಾಗುವವರೆಗೆ ಇಳಿಸುವರು, ಇತರ ಹಲ್ಲುಗಳು ಸುತ್ತಣ ಲೋಹದ ಜಾಲರಿಯನ್ನು ಕಚ್ಚಿ ಹಿಡಿಯುವುವು. ಸೂಜಿ ಕೊಂಚ ಓರೆಯಾಗಿ ಜಾಲರಿಗೂ ಎಳೆಗೂ ಒಮ್ಮೆಗೇ ತಾಗಿತೆಂದರೆ ಇಡೀ ಕೇಬಲ್ಲೇ ನಿಷ್ಪ್ರಯೋಜಕ. ಐನೂರು ಮೀಟರಿನ ಒಂದು ತುಂಡು, ಅದರ ಮೇಲೆ ಹೆಚ್ಚೆಂದರೆ ನೂರು ಕೂಡಿಕೆ, ಎರಡು ತುದಿಗಳಲ್ಲಿಯೂ ಐವತ್ತು ಓಮ್ ರೋಧದ ಒಂದೊಂದು ಮುಚ್ಚಳ. ಮುಚ್ಚಳವಿಲ್ಲದಿದ್ದರೆ ಸಂಕೇತವು ತುದಿಗೆ ಬಡಿದು ಹಿಂದಿರುಗಿ, ತನ್ನ ಪ್ರತಿಧ್ವನಿಯಿಂದಲೇ ತಾನು ಕಲಸಿಹೋಗುವುದು.

ಬಸ್ ಎಂದು ಎಂಜಿನಿಯರರು ಕರೆಯುವ ಈ ನೇರ ಜೋಡಣೆಯಲ್ಲಿ ಯಾರೊಬ್ಬರೂ ಒಡೆಯರಲ್ಲ ಎಂಬುದು ನನಗೆ ಇಂದಿಗೂ ಸೋಜಿಗ. ಜಗಲಿಯ ಮೇಲೆ ಕುಳಿತ ಸಭ್ಯರಿಬ್ಬರು ಏಕಕಾಲಕ್ಕೆ ಬಾಯ್ತೆರೆದು, ಇಬ್ಬರೂ ಸುಮ್ಮನಾಗಿ, ಒಬ್ಬರು ಮೊದಲು ಮುಂದುವರಿಸುವಂತೆಯೇ ಇಲ್ಲಿಯ ನಡವಳಿಕೆ. ಯಂತ್ರಗಳಲ್ಲಿ ಹಿರಿಕಿರಿಯರಿಲ್ಲದ್ದರಿಂದ ಮೊದಲು ಮಾತಾಡುವವರನ್ನು ಯದೃಚ್ಛೆ ನಿರ್ಣಯಿಸುತ್ತದೆ. ಘರ್ಷಣೆಯಾದೊಡನೆ ಪ್ರತಿಯೊಂದು ಗಣಕವೂ 51.2 ಮೈಕ್ರೋಸೆಕೆಂಡಿನ ಕ್ಷಣಗಳಲ್ಲಿ ಕೆಲವನ್ನು ಅಡ್ಡಾದಿಡ್ಡಿಯಾಗಿ ಆರಿಸಿಕೊಂಡು ಕಾಯುವುದು. ಮತ್ತೆ ಘರ್ಷಣೆಯಾದರೆ ಆರಿಸಿಕೊಳ್ಳುವ ಅವಧಿಯ ಮಿತಿಯನ್ನು ಇಮ್ಮಡಿಗೊಳಿಸುವುದು. ಹೀಗೆ ಹದಿನಾರು ಸಲ ಯತ್ನಿಸಿಯೂ ಸಾಧ್ಯವಾಗದಿದ್ದರೆ ಕೈಚೆಲ್ಲುವುದು. ದಟ್ಟಣೆ ಹೆಚ್ಚಿದಷ್ಟೂ ಪ್ರತಿಯೊಬ್ಬರೂ ತಾವಾಗಿ ಹಿಂದೆ ಸರಿಯುವಂತೆ ಮಾಡುವ ಈ ಉಪಾಯವನ್ನು ಆ ಕಾಲದ ಹಲವು ಪಂಡಿತರು ಅರಾಜಕವೆಂದು ತಿರಸ್ಕರಿಸಿದ್ದುಂಟು. ಅವರ ತಿರಸ್ಕಾರಕ್ಕೆ ಕಾರಣವಿಲ್ಲದಿರಲಿಲ್ಲ: ಇದರಲ್ಲಿ ಸಂದೇಶವು ಬೇಗ ತಲುಪುವುದು ಸಂಭವನೀಯವೇ ಹೊರತು, ಇಷ್ಟು ಹೊತ್ತಿನೊಳಗೆ ತಲುಪಿಯೇ ತೀರುವುದೆಂಬ ಭರವಸೆಯಿಲ್ಲ.

ಇದರ ನಿಜವಾದ ದೌರ್ಬಲ್ಯ ಬೇರೆಯೇ. ದಪ್ಪ ಕೇಬಲ್ಲಿನ ದುಬಾರಿ ಸಹವಾಸವನ್ನು ತಪ್ಪಿಸಲು ಬಂದ ತೆಳ್ಳನೆಯ ಕೇಬಲ್ಲಿನಲ್ಲಿ ಪ್ರತಿ ಗಣಕದ ಬೆನ್ನಿಗೂ ಟಿ ಆಕಾರದ ಒಂದು ಕೂಡಿಕೆಯಿದ್ದು, ಕೇಬಲ್ಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹಾದು ಹೋಗುತ್ತಿತ್ತು. ಕಸ ಗುಡಿಸುವಾಗಲೋ ಮೇಜು ಸರಿಸುವಾಗಲೋ ಯಾವುದೋ ಒಂದು ಕೂಡಿಕೆ ಸಡಿಲಿತೆಂದರೆ ಸಾಕು, ಒಂದು ಗಣಕವಲ್ಲ, ಆ ಸಾಲಿನ ಅಷ್ಟೂ ಗಣಕಗಳು ಮೂಕವಾಗುತ್ತಿದ್ದವು. ದೋಷವೆಲ್ಲಿದೆಯೆಂದು ಕಂಡುಹಿಡಿಯುವುದಕ್ಕೆ ಮೇಜಿನಿಂದ ಮೇಜಿಗೆ ಮಂಡಿಯೂರಿ ತೆವಳುತ್ತ ಹೋಗುವುದರ ವಿನಾ ಬೇರೆ ಮಾರ್ಗವಿರಲಿಲ್ಲ. ಜಾಲವೊಂದನ್ನು ಯಾವ ಆಕೃತಿಯಲ್ಲಿ ಕಟ್ಟುತ್ತೇವೆಯೆಂಬುದು ಎಲ್ಲವೂ ನೆಟ್ಟಗಿರುವ ದಿನ ಗೊತ್ತಾಗುವ ಸಂಗತಿಯೇ ಅಲ್ಲ. ಒಂದೆಳೆ ತುಂಡಾದ ದಿನ ಎಷ್ಟು ಮಂದಿಯ ಕೆಲಸ ನಿಲ್ಲುತ್ತದೆ, ಯಾರ ಕೆಲಸ ನಿಲ್ಲುತ್ತದೆ ಎಂಬುದನ್ನು ನಕ್ಷೆ ಬರೆದವನು ವರ್ಷಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿರುತ್ತಾನೆ. ಜಾಲಗಳ ವಿಷಯದಲ್ಲಿ ಸಾಮಾನ್ಯ ಓದುಗನು ತಿಳಿಯಬೇಕಾದ ಮುಖ್ಯ ಅಂಶವೇ ಇದೆಂದು ನನ್ನ ಎಣಿಕೆ.

ಭರವಸೆ ಬೇಕೆಂದವರಿಗಾಗಿ ಐಬಿಎಂ ಕಂಪನಿಯು 1985ರಲ್ಲಿ ಉಂಗುರದ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಟೋಕನ್ ರಿಂಗ್ ಎಂಬ ಈ ಪದ್ಧತಿಯಲ್ಲಿ ಮೂರು ಬೈಟುಗಳ ಒಂದು ಟೋಕನ್ ಗಣಕದಿಂದ ಗಣಕಕ್ಕೆ ಸುತ್ತುತ್ತಿರುತ್ತದೆ. ಅದು ಕೈಗೆ ಬಂದವನಿಗೆ ಮಾತ್ರ ಮಾತಾಡುವ ಅಧಿಕಾರ, ಮಾತು ಮುಗಿದ ಮೇಲೆ ಅದನ್ನು ಮುಂದಿನವನಿಗೆ ದಾಟಿಸಬೇಕು. ಘರ್ಷಣೆಯ ಪ್ರಶ್ನೆಯೇ ಇಲ್ಲ. ತನ್ನ ಸರದಿ ಎಷ್ಟು ಹೊತ್ತಿನೊಳಗೆ ಬರುವುದೆಂದು ಪ್ರತಿಯೊಬ್ಬನೂ ಲೆಕ್ಕ ಹಾಕಬಹುದು. ಟೋಕನ್ ಎಲ್ಲಿಯೋ ಕಳೆದುಹೋದರೆ ಹೊಸತೊಂದನ್ನು ಸೃಷ್ಟಿಸುವ ಹೊಣೆ ಒಂದು ಗಣಕದ್ದು. ಗಣಕವೊಂದನ್ನು ಆರಿಸಿದರೆ ಅದರ ಸ್ಥಾನವನ್ನು ತಾನಾಗಿ ಮುಚ್ಚಿ ಉಂಗುರವನ್ನು ಉಳಿಸುವ ಪೆಟ್ಟಿಗೆಯೂ ಇತ್ತು. ಇಷ್ಟೆಲ್ಲ ಶಿಸ್ತಿದ್ದೂ ಟೋಕನ್ ರಿಂಗ್ ಅಳಿಯಿತು, ಅರಾಜಕವೆನಿಸಿಕೊಂಡ ಈಥರ್ನೆಟ್ ಉಳಿಯಿತು. ಕಾರಣ ಬೆಲೆಯೇ ಹೊರತು ಶಾಸ್ತ್ರವಲ್ಲ. ಉಂಗುರದ ವಿಚಾರವಂತೂ ಅಳಿಯಲಿಲ್ಲ. ಅದು ಕಚೇರಿಯನ್ನು ಬಿಟ್ಟು ಬಯಲಿಗೆ ಹೋಯಿತು.

ಈಥರ್ನೆಟ್ ಉಳಿದದ್ದಾದರೂ ತನ್ನ ಮೂಲರೂಪವನ್ನು ಸಂಪೂರ್ಣವಾಗಿ ತ್ಯಜಿಸಿದ ಬಳಿಕ. 1990ರ ಸುಮಾರಿಗೆ ದೂರವಾಣಿಯ ತಂತಿಯನ್ನು ಹೋಲುವ ಹೆಣೆದ ಜೋಡಿತಂತಿಗಳು ಬಂದು, ಪ್ರತಿ ಗಣಕದಿಂದಲೂ ಒಂದು ಪ್ರತ್ಯೇಕ ತಂತಿ ನಡುವಿನ ಒಂದು ಪೆಟ್ಟಿಗೆಗೆ ಹೋಗಿ ಸೇರುವ ನಕ್ಷತ್ರದ ಆಕೃತಿ ರೂಢಿಗೆ ಬಂತು. ಇಂದು ನಮ್ಮ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸುರುಳಿಗಟ್ಟಲೆ ಮಾರುವ ನೀಲಿಯ ಅಥವಾ ಬೂದುಬಣ್ಣದ ಕೇಬಲ್ಲಿನೊಳಗೆ ಎಂಟು ಎಳೆಗಳಿರುತ್ತವೆ. ಎರಡೆರಡಾಗಿ ಹೆಣೆದ ಅವನ್ನು ಬಿಡಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಬೆರಳ ತುದಿಯಿಂದ ಒತ್ತಿ ಸಮಗೊಳಿಸಿ, ಪಾರದರ್ಶಕವಾದ ಕನೆಕ್ಟರಿನೊಳಗೆ ತೂರಿಸಿ, ಇಕ್ಕಳದಂಥ ಉಪಕರಣದಿಂದ ಹುಡುಗನೊಬ್ಬ ಕಟಕ್ಕೆಂದು ಕ್ರಿಂಪ್ ಮಾಡುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಹಸಿರಿನ ಜೋಡಿ ನೀಲಿಯ ಎರಡೂ ಮಗ್ಗುಲಿಗೆ ಒಡೆದು ಕೂರುವುದೇಕೆಂದು ಆ ಹುಡುಗನು ಚಿಂತಿಸುವುದಿಲ್ಲ. ಆದರೆ ನಡುವಣ ಎರಡು ಸ್ಥಾನಗಳು ಹಳೆಯ ದೂರವಾಣಿಯ ಜೋಡಿಗೆ ಮೀಸಲಾಗಿದ್ದ ಕಾಲದ ಅವಶೇಷ ಅಲ್ಲಿದೆ. ಹೆಣಿಗೆಯೂ ಅಲಂಕಾರಕ್ಕಲ್ಲ: ಹೊರಗಿನ ವಿದ್ಯುತ್ಕ್ಷೋಭೆಯು ಜೋಡಿಯ ಎರಡು ಎಳೆಗಳಿಗೂ ಸಮವಾಗಿ ತಾಗಿ, ಎರಡರ ಅಂತರವನ್ನಷ್ಟೇ ಗಣಿಸುವ ಗ್ರಾಹಕದಲ್ಲಿ ತನ್ನಷ್ಟಕ್ಕೆ ಕಳೆದುಹೋಗಲೆಂದು ಅವನ್ನು ಹಾಗೆ ಹೆಣೆದಿದ್ದಾರೆ. ಇಂಥ ಒಂದು ತಂತಿ ನೂರು ಮೀಟರಿಗಿಂತ ಉದ್ದವಾಗಬಾರದು.

ನಡುವಿನ ಪೆಟ್ಟಿಗೆ ಮೊದಮೊದಲು ಹಬ್ ಎಂಬ ಮಂದಬುದ್ಧಿಯ ಸಾಧನವಾಗಿತ್ತು. ಒಂದು ಕಿಂಡಿಯಲ್ಲಿ ಕೇಳಿದ್ದನ್ನು ಉಳಿದೆಲ್ಲ ಕಿಂಡಿಗಳಿಗೂ ಕೂಗಿಬಿಡುತ್ತಿತ್ತು. ಅದರ ಸ್ಥಾನಕ್ಕೆ ಬಂದದ್ದು ಸ್ವಿಚ್. ವಿನೋದ್ ಭಾರದ್ವಾಜ್ ಎಂಬ ಭಾರತೀಯ ಮೂಲದವರು ಸಹಸ್ಥಾಪಕರಾಗಿದ್ದ, ಕಲ್ಪನಾ ಎಂಬ ಸೊಗಸಾದ ಹೆಸರಿನ ಅಮೆರಿಕದ ಕಂಪನಿಯೊಂದು 1990ರಲ್ಲಿ ಇಂಥ ಬಹುಕಿಂಡಿಯ ಸ್ವಿಚ್ಚನ್ನು ಮೊದಲು ಮಾರಿತು. 1994ರಲ್ಲಿ ಸಿಸ್ಕೋ ಆ ಕಂಪನಿಯನ್ನೇ ಕೊಂಡುಕೊಂಡಿತು. ಸ್ವಿಚ್ಚಿನ ವಿಶೇಷವೆಂದರೆ ಅದಕ್ಕೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಜಗತ್ತಿನ ಪ್ರತಿ ಜಾಲಸಾಧನಕ್ಕೂ ಕಾರ್ಖಾನೆಯಲ್ಲಿಯೇ 48 ಬಿಟ್ಟುಗಳ ಒಂದು ವಿಳಾಸವನ್ನು ಕೊಟ್ಟಿರುತ್ತಾರಷ್ಟೆ. ಸಂದೇಶವೊಂದು ಮೂರನೆಯ ಕಿಂಡಿಯಿಂದ ಒಳಬಂದಾಗ ಸ್ವಿಚ್ಚು ಕಳುಹಿಸಿದವನ ವಿಳಾಸವನ್ನು ಓದಿ, ಇವನು ಮೂರನೆಯ ಕಿಂಡಿಯಾಚೆ ಇರುವವನು ಎಂದು ಗುರುತಿಟ್ಟುಕೊಳ್ಳುವುದು. ಪಡೆಯುವವನು ಎಲ್ಲಿದ್ದಾನೆಂದು ಇನ್ನೂ ತಿಳಿಯದಿದ್ದರೆ ಆ ಒಂದು ಸಲ ಎಲ್ಲ ಕಿಂಡಿಗಳಿಗೂ ಕಳುಹಿಸುವುದು. ಅವನು ಉತ್ತರ ಕೊಟ್ಟನೆಂದರೆ ಅವನ ಠಾವೂ ತಿಳಿದಂತಾಯಿತು. ಸಾಮಾನ್ಯವಾಗಿ ಐದು ನಿಮಿಷ ಸುಮ್ಮನಿದ್ದವನನ್ನು ಅದು ಮರೆಯುತ್ತದೆ. ಜನ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಾರೆಂಬುದು ಅದರ ಶಿಲ್ಪಿಗಳಿಗೆ ಗೊತ್ತಿತ್ತು. ಈ ವ್ಯವಸ್ಥೆಯಲ್ಲಿ ಒಂದು ತಂತಿ ಕೆಟ್ಟರೆ ಒಬ್ಬನಿಗೆ ಮಾತ್ರ ನಷ್ಟ. ನಡುವಿನ ಪೆಟ್ಟಿಗೆ ಕೆಟ್ಟರೆ ಸರ್ವರಿಗೂ ನಷ್ಟ.

ಪೆಟ್ಟಿಗೆಗಳನ್ನು ಒಂದಕ್ಕೊಂದು ಎರಡು ದಾರಿಗಳಲ್ಲಿ ಜೋಡಿಸಿಟ್ಟರೆ ಒಂದು ಕಡಿದರೂ ಇನ್ನೊಂದು ಉಳಿಯುವುದಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಹಾಗೆ ಮಾಡಿದ ಕಚೇರಿಯಲ್ಲಿ ಎಲ್ಲರಿಗೂ ಉದ್ದೇಶಿಸಿದ ಒಂದೇ ಒಂದು ಸಂದೇಶ ಆ ವರ್ತುಲದಲ್ಲಿ ಸಿಕ್ಕಿ, ಸುತ್ತಿ ಸುತ್ತಿ, ಸುತ್ತಿದಂತೆಲ್ಲ ಪ್ರತಿಗಳನ್ನು ಹೆತ್ತು, ಕೆಲವೇ ಸೆಕೆಂಡುಗಳಲ್ಲಿ ಇಡೀ ಜಾಲವನ್ನು ಉಸಿರುಗಟ್ಟಿಸಿಬಿಡುವುದು. ತಂತಿಯೊಂದರ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸಿ ಈ ಅನಾಹುತವನ್ನು ಇಂದಿಗೂ ಅಲ್ಲಲ್ಲಿ ಮಾಡುವುದುಂಟು. ರೇಡಿಯಾ ಪರ್ಲ್‌ಮನ್ ಎಂಬ ವಿದುಷಿ 1985ರಲ್ಲಿ ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು: ಸ್ವಿಚ್ಚುಗಳು ತಮ್ಮೊಳಗೆ ಒಂದನ್ನು ಬೇರೆಂದು ಆರಿಸಿ, ಅದರಿಂದ ಎಲ್ಲ ಕಡೆಗೂ ಒಂದೊಂದೇ ಹಾದಿಯಿರುವಂತೆ ವೃಕ್ಷವನ್ನು ಕಲ್ಪಿಸಿಕೊಂಡು, ಹೆಚ್ಚಿನ ಹಾದಿಗಳನ್ನು ನಿದ್ರೆಗೆ ಕಳುಹಿಸುತ್ತವೆ, ಒಂದು ಹಾದಿ ಕಡಿದರೆ ಮಲಗಿದ್ದದ್ದು ಎದ್ದು ಅದರ ಸ್ಥಾನಕ್ಕೆ ಬರುತ್ತದೆ. ತಮ್ಮ ಶೋಧವನ್ನು ಅವರು ಪ್ರಬಂಧದಲ್ಲಿ ಒಂದು ಪುಟ್ಟ ಪದ್ಯವಾಗಿಯೂ ಬರೆದಿಟ್ಟರು. ಗಣಿತವನ್ನೂ ವೈದ್ಯವನ್ನೂ ಶ್ಲೋಕಗಳಲ್ಲಿ ಬರೆದ ನಾಡಿನವರಾದ ನಮಗೆ ಇದು ಅಚ್ಚರಿಯೆನಿಸಬೇಕಾಗಿಲ್ಲವಾದರೂ, ಎಂಜಿನಿಯರರ ಸಮಾಜದಲ್ಲಿ ಅಪರೂಪದ ನಡತೆಯೇ ಸರಿ.

ಶಾಲೆಯ ಪುಸ್ತಕಗಳು ಜಾಲಗಳನ್ನು ವಿಸ್ತಾರಕ್ಕೆ ಅನುಗುಣವಾಗಿ ವಿಭಾಗಿಸುತ್ತವೆ: ಕಿವಿಗೆ ಸಿಕ್ಕಿಸಿದ ಬ್ಲೂಟೂತ್ ಸಾಧನಕ್ಕೂ ಜೇಬಿನ ಫೋನಿಗೂ ನಡುವಿನದು ಪ್ಯಾನ್, ಒಂದು ಮನೆಯ ಅಥವಾ ಕಚೇರಿಯದು ಲ್ಯಾನ್, ಒಂದು ಪಟ್ಟಣದ್ದು ಮ್ಯಾನ್, ದೇಶವನ್ನೋ ಖಂಡವನ್ನೋ ವ್ಯಾಪಿಸಿದ್ದು ವ್ಯಾನ್. ಪರೀಕ್ಷೆಗೆ ಇದು ಸಾಲುತ್ತದೆ. ಬಾಳಿನಲ್ಲಿ ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮನೆಯ ಮೂಲೆಯಲ್ಲಿ ಮಿಣುಕುವ, ನಾವು ರೂಟರ್ ಎನ್ನುವ ಒಂದೇ ಡಬ್ಬಿಯೊಳಗೆ ತಂತಿಗಳನ್ನು ಸೇರಿಸುವ ಸ್ವಿಚ್ಚೂ, ವೈಫೈ ಬಿತ್ತರಿಸುವ ರೇಡಿಯೋ ಕೇಂದ್ರವೂ, ಮನೆಯೊಳಗಣ ಜಾಲವನ್ನು ಹೊರಗಿನ ಜಾಲಕ್ಕೆ ಪರಿಚಯಿಸುವ ನಿಜವಾದ ರೂಟರೂ ಮೂವರು ಬಾಡಿಗೆದಾರರಂತೆ ವಾಸವಾಗಿವೆ. ವೈಫೈಯಲ್ಲಂತೂ ಹವಾಯಿಯ ಹಳೆಯ ಸಮಸ್ಯೆ ಹೊಸದಾಗಿ ಹುಟ್ಟಿದೆ: ವಾಹಿನಿ ಎಲ್ಲರದ್ದು, ಆದರೆ ರೇಡಿಯೋ ತಾನು ಕೂಗುತ್ತಿರುವಾಗ ಪರರ ಕೂಗನ್ನು ಕೇಳಲಾರದು, ಆದಕಾರಣ ಘರ್ಷಣೆಯನ್ನು ಪತ್ತೆಹಚ್ಚುವ ಬದಲು ಮೊದಲೇ ಕಾದು ತಪ್ಪಿಸಿಕೊಳ್ಳಬೇಕು, ತಲುಪಿತೆಂಬ ಒಪ್ಪಿಗೆ ಪ್ರತಿ ಸಲವೂ ಬರಬೇಕು.

ದೂರದ ಜಾಲಗಳಿಗೆ ಬಂದರೆ, ಆಕೃತಿಯ ವಿಚಾರವನ್ನು ಮೊತ್ತಮೊದಲು ಗಣಿತದ ನಿಷ್ಠುರತೆಯಿಂದ ಪರೀಕ್ಷಿಸಿದವರು ಅಮೆರಿಕದ ರ್‍ಯಾಂಡ್ ಸಂಸ್ಥೆಯ ಪಾಲ್ ಬಾರನ್. ಅಣ್ವಸ್ತ್ರಗಳ ದಾಳಿ ನಡೆದರೂ ಉಳಿಯಬಲ್ಲ ಸಂಪರ್ಕವ್ಯವಸ್ಥೆ ಯಾವುದೆಂಬುದು ಅವರ ಮುಂದಿದ್ದ ಘೋರ ಪ್ರಶ್ನೆ. ಒಂದು ಕೇಂದ್ರದಿಂದ ಎಲ್ಲ ಹೊರಟಿದ್ದರೆ ಆ ಕೇಂದ್ರಕ್ಕೆ ಬಿದ್ದ ಒಂದು ಪೆಟ್ಟು ಸಾಕು. ಹಲವು ಕೇಂದ್ರಗಳಿದ್ದರೆ ಹಲವು ಪೆಟ್ಟುಗಳು ಬೇಕು. ಆದರೆ ಮೀನಿನ ಬಲೆಯಂತೆ ಪ್ರತಿ ಗಂಟಿಗೂ ನಾಲ್ಕಾರು ಎಳೆಗಳಿದ್ದು, ಸಂದೇಶವನ್ನು ಸಣ್ಣ ಸಣ್ಣ ಕಂತೆಗಳಾಗಿ ಮಾಡಿ ಸಿಕ್ಕ ದಾರಿಯಲ್ಲಿ ಹೋಗಗೊಟ್ಟರೆ, ಕನಿಷ್ಠ ಅಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಎಳೆಗಳಿರುವ ಜಾಲವೇ ಭಾರಿ ಹಾನಿಯನ್ನು ತಾಳಿಕೊಳ್ಳುವುದೆಂದು 1964ರಲ್ಲಿ ಪ್ರಕಟವಾದ ಅವರ ವರದಿಗಳು ತೋರಿಸಿದವು. ಅಲ್ಲಿಯ ದೂರವಾಣಿ ಕಂಪನಿಯವರು ಇದನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಸ್ವತಂತ್ರವಾಗಿ ಇದೇ ಕಂತೆಯ ವಿಚಾರಕ್ಕೆ ಬಂದರು. 1969ರ ಅಂತ್ಯಕ್ಕೆ ಅಮೆರಿಕದ ಪಶ್ಚಿಮಭಾಗದ ನಾಲ್ಕು ಸಂಸ್ಥೆಗಳ ನಡುವೆ ಅರ್ಪಾನೆಟ್ ಎಂಬ ಜಾಲ ಕಂತೆಗಳನ್ನು ಸಾಗಿಸತೊಡಗಿತ್ತು.

ನಮ್ಮಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಟು ಸಂಸ್ಥೆಗಳನ್ನು ಜೋಡಿಸುವ ಯೋಜನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ಅದರ ಬಾಡಿಗೆಯ ತಂತಿಗಳು ಸೆಕೆಂಡಿಗೆ 9,600 ಬಿಟ್ಟುಗಳನ್ನು ಒಯ್ಯುತ್ತಿದ್ದವು. ಇಂದಿನ ಒಂದು ಸಾಧಾರಣ ಛಾಯಾಚಿತ್ರ ಆ ವೇಗದಲ್ಲಿ ಬರಬೇಕಾದರೆ ಮುಕ್ಕಾಲು ಗಂಟೆ ಹಿಡಿದೀತು. ಜಿಲ್ಲಾ ಕೇಂದ್ರಗಳನ್ನು ಉಪಗ್ರಹದ ಮೂಲಕ ಸೇರಿಸಿದ ನಿಕ್‌ನೆಟ್ಟಿನದು ಆಗ ಅಪ್ಪಟ ನಕ್ಷತ್ರಾಕೃತಿ: ನೆರೆಯ ಎರಡು ಜಿಲ್ಲೆಗಳ ನಡುವಣ ಸಂದೇಶವೂ 36,000 ಕಿಲೋಮೀಟರ್ ಮೇಲಕ್ಕೇರಿ ದೆಹಲಿಗಿಳಿದು, ಅಲ್ಲಿಂದ ಮತ್ತೊಮ್ಮೆ ಆಕಾಶಕ್ಕೇರಿ ಇಳಿಯಬೇಕಿತ್ತು, ಬೆಳಕಿನ ವೇಗದಲ್ಲಿಯೂ ಅರ್ಧ ಸೆಕೆಂಡು ಆಗಿಹೋಗುತ್ತಿತ್ತು.

ಬಲೆಯೆಂದು ನಂಬಿದ್ದು ಬಲೆಯಲ್ಲವೆಂದು ಗೊತ್ತಾಗುವ ಸಂದರ್ಭಗಳೂ ಉಂಟು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರತಳದ ಎರಡು ಕೇಬಲ್ಲುಗಳು ತುಂಡಾದಾಗ ಭಾರತದ ಇಂಟರ್ನೆಟ್ಟು ಕುಂಟಿತು. ಕಂಪನಿಗಳು ಬೇರೆ, ಕೇಬಲ್ಲುಗಳು ಬೇರೆ. ಆದರೆ ಎರಡೂ ಒಂದೇ ಇಕ್ಕಟ್ಟಿನ ಕಡಲದಾರಿಯಲ್ಲಿ ಹಾದಿದ್ದವು.

ಕರ್ನಾಟಕದ ಸರ್ಕಾರಿ ಕಚೇರಿಗಳ ಜಾಲವನ್ನು ಈ ಬೆಳಕಿನಲ್ಲಿ ನೋಡಬೇಕು. ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂದಾಗ ರೈತನ ಪಹಣಿ ಆಯಾ ತಾಲ್ಲೂಕಿನ ಗಣಕದಲ್ಲಿಯೇ ಇತ್ತು. ಒಂದು ತಾಲ್ಲೂಕಿನ ಯಂತ್ರ ಕೆಟ್ಟರೆ ಪಕ್ಕದ ತಾಲ್ಲೂಕಿಗೆ ಅದರ ಸುದ್ದಿಯೂ ಇರುತ್ತಿರಲಿಲ್ಲ. ಮುಂದೆ ದಾಖಲೆಗಳು ರಾಜಧಾನಿಯಲ್ಲಿ ಒಟ್ಟುಗೂಡಿ, ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಟಿಸಿಲೊಡೆಯುವ ವೃಕ್ಷಾಕೃತಿಯ ರಾಜ್ಯವ್ಯಾಪಿ ಜಾಲ ಬಂದಮೇಲೆ ಅನುಕೂಲಗಳು ಬಹಳವಾದವು. ಎಲ್ಲಿಯ ದಾಖಲೆಯನ್ನಾದರೂ ಎಲ್ಲಿಂದಲಾದರೂ ಪಡೆಯಬಹುದು. ಅದರೊಡನೆ ಇನ್ನೊಂದು ಮಾತೂ ನಾಡಿನ ರೂಢಿಗೆ ಬಂತು. ನಾನು ಒಂದು ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದಾಗ, ಮೂರು ಗಾವುದ ದೂರದಿಂದ ಬಂದಿದ್ದ ಮುದುಕರೊಬ್ಬರಿಗೆ ಒಳಗಿನಿಂದ ಬಂದ ಉತ್ತರ, ‘ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ.’ ಸರ್ವರ್ ಬಹುಶಃ ಇತ್ತು. ಬೆಂಗಳೂರಿನ ತಂಪು ಕೋಣೆಯಲ್ಲಿ ತನ್ನ ಪಾಡಿಗೆ ಉರುಳುತ್ತಿತ್ತು. ಅದಕ್ಕೂ ಈ ಕಿಟಕಿಗೂ ನಡುವೆ ಇದ್ದದ್ದು ಒಂದೇ ಕೊಂಬೆ, ಅದು ಎಲ್ಲಿಯೋ ಮುರಿದಿತ್ತು. ವೃಕ್ಷದಲ್ಲಿ ಎಲೆಗೆ ಎರಡನೆಯ ದಾರಿಯಿಲ್ಲ.

ಗ್ರಾಮಪಂಚಾಯಿತಿಗಳಿಗೆ ಗಾಜಿನ ಎಳೆಯನ್ನು ಒಯ್ಯುವ ಭಾರತ್‌ನೆಟ್ ಯೋಜನೆಯ ಕಥೆಯೂ ಹೀಗೆಯೇ. 2011ರ ಅಕ್ಟೋಬರಿನಲ್ಲಿ ಬೇರೆ ಹೆಸರಿನಿಂದ ಮಂಜೂರಾದ ಈ ಯೋಜನೆಯಲ್ಲಿ, ಆದಷ್ಟು ಕಡಿಮೆ ನೆಲ ಅಗೆದು ಆದಷ್ಟು ಹೆಚ್ಚು ಪಂಚಾಯಿತಿಗಳನ್ನು ಮುಟ್ಟುವ ಆಸೆಯಿಂದ, ತಾಲ್ಲೂಕು ಮಟ್ಟದಿಂದ ಪಂಚಾಯಿತಿಯ ಕಡೆಗೆ ಒಂದೊಂದೇ ನೇರ ಎಳೆಯನ್ನು ಎಳೆದರು; ಜೆಸಿಬಿಯ ಒಂದು ಹಲ್ಲು ತಾಗಿದರೆ ಅದರಾಚೆಯ ಊರುಗಳೆಲ್ಲ ಕತ್ತಲು. ಕೇಂದ್ರ ಸಂಪುಟವು 2023ರ ಆಗಸ್ಟಿನಲ್ಲಿ ಒಪ್ಪಿದ ತಿದ್ದುಪಡಿಯಲ್ಲಿ ಆ ನೇರ ಎಳೆಗಳನ್ನು ಉಂಗುರಗಳಾಗಿ ಮಾಡುವ ತೀರ್ಮಾನವಿದೆ. ಐಬಿಎಂನ ಉಂಗುರ ಕಚೇರಿಯಲ್ಲಿ ಸೋತದ್ದು ಹಳ್ಳಿಯ ದಾರಿಯಲ್ಲಿ ಗೆಲ್ಲಬಹುದು. ಒಂದು ಕಡೆ ಕಡಿದರೆ ಸಂದೇಶ ಇನ್ನೊಂದು ಕಡೆಯಿಂದ ಸುತ್ತಿ ಬರುವುದು. ಅಗೆತ ಹೆಚ್ಚು, ಖರ್ಚೂ ಹೆಚ್ಚು, ಆದರೂ ಮಾಡತಕ್ಕ ಕೆಲಸವೆಂದೇ ನನ್ನ ಮತ.

ಒಂದೇ ಒಂದು ಶಂಕೆ. ಉಂಗುರದ ಎರಡು ಬಾಹುಗಳು ಬೇರೆ ಬೇರೆ ರಸ್ತೆಯಲ್ಲಿ ಬಂದರೆ ಮಾತ್ರ ಅದು ಉಂಗುರ. ಖರ್ಚು ಉಳಿಯಲೆಂದು ಗುತ್ತಿಗೆದಾರನು ಎರಡನ್ನೂ ಒಂದೇ ಕಾಲುವೆಯಲ್ಲಿ ಮಲಗಿಸಿದನೆಂದರೆ ನಕ್ಷೆಯಲ್ಲಿ ಅದು ದುಂಡಗೆ ಕಾಣುತ್ತದೆ, ಜೆಸಿಬಿ ಎರಡನ್ನೂ ಒಂದೇ ಏಟಿಗೆ ಕಡಿಯುತ್ತದೆ. ತಮ್ಮ ಊರಿಗೆ ಎಳೆ ಹಾಸಲು ಬಂದವರನ್ನು ಪಂಚಾಯಿತಿಯ ಸದಸ್ಯರು ವೇಗವೆಷ್ಟೆಂದು ಕೇಳುವುದಕ್ಕೆ ಮೊದಲು, ಎರಡನೆಯ ಎಳೆ ಯಾವ ರಸ್ತೆಯಿಂದ ಬರುತ್ತದೆಯೆಂದು ಕೇಳಬೇಕು.